ನನ್ನ ತಂಗಿ ಹೇಳಿದ ‘ಒಂಥರಾ’ಗೆ ನೀವು ಬರೆದ ಅರ್ಥ

ಮಾನ್ಯರೇ,

ಮೊದಲು ಕ್ಷೇಮಸಮಾಚಾರ. ನಾನು ಈವರೆಗೆ ಬರೆದಿರುವ ಕಾಗದಗಳೆಲ್ಲ ನೆಂಟರಿಷ್ಟರಿಗೆ. ಎಲ್ಲರ ಆರೋಗ್ಯ ಹೆಸರು ಹಿಡಿದು ಕೇಳದೆ ವಿಷಯಕ್ಕೆ ಬಂದರೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಹೆಸರು ಹಿಡಿಯೋಣ ಎಂದರೆ, ನೀವು ಕಳಿಸಿದ ಉತ್ತರದ ಕೆಳಗಿನ ಸಹಿ ಓದಲು ಬರುವಂತಿಲ್ಲ. ಅದರ ಕೆಳಗೊಂದು ಮುದ್ರೆ, ಮುದ್ರೆಯೊಳಗೆ ಹುದ್ದೆ ಮಾತ್ರ. ಆದ್ದರಿಂದ, ಖಾಸಗಿ ನರ್ಸಿಂಗ್ ಹೋಮುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗಳೇ, ನಿಮ್ಮ ಹುದ್ದೆ ಆರೋಗ್ಯವಾಗಿದೆ ಎಂದು ನಂಬಿದ್ದೇನೆ. ಕುರ್ಚಿ, ಮೇಜು, ಮುದ್ರೆ ಎಲ್ಲ ಸೌಖ್ಯವೇ? ಇಲ್ಲಿ ನಮ್ಮ ಯಜಮಾನರು ಸೋಮಲಿಂಗಪ್ಪನವರು ಮಂಡಿನೋವು ಬಿಟ್ಟರೆ ಕ್ಷೇಮ. ಮೊಮ್ಮಗಳು ಪ್ರೇರಣಾ ಕ್ಷೇಮ, ಪರೀಕ್ಷೆ ಇದ್ದ ದಿನ ಮಾತ್ರ ಹೊಟ್ಟೆನೋವು. ನನ್ನ ತಂಗಿಯ ಗಂಡ ಚಿದಾನಂದ್ ಕ್ಷೇಮ. ತಂಗಿ ಅನ್ನಪೂರ್ಣಳ ಬೆನ್ನ ಮೇಲಿನ ಗಂಟು ಕೂಡ ಬಲು ಕ್ಷೇಮ. ಯಾರ ಚಾಕುವೂ ತಾಗದೆ ಇದ್ದಲ್ಲೇ ದುಂಡಗೆ ಕೂತಿದೆ. ಅನ್ನಪೂರ್ಣಳ ಹೆಸರಿನ ಮುಂದೆ ಮಾತ್ರ ಆ ಪದ ಬರೆಯಲು ನನಗೆ ಆಗುತ್ತಿಲ್ಲ. ಆ ಗಂಟು ತೆಗೆಯಲೆಂದು ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್‌ನಿಂದ ಅವಳ ಹೃದಯ ನಿಂತುಹೋಗಿತ್ತು. ಅದಕ್ಕೆ ಕಾರಣ ಅವಳ ಭಯ ಎಂದು ನೀವು ಬರೆದು, ಮುದ್ರೆ ಒತ್ತಿ, ನಾನು ಕೊಟ್ಟ ದೂರನ್ನು ಮುಚ್ಚಿದ್ದೀರಿ.

ನಿಮ್ಮ ವಾಕ್ಯವನ್ನು ನಿಮಗೇ ಓದಿ ಹೇಳುತ್ತೇನೆ, ಮರೆತಿರಬಹುದು: “ಚಿಕಿತ್ಸೆಯ ವೇಳೆ ರೋಗಿಯು ನಿರ್ದಿಷ್ಟವಾದ ಯಾವುದೇ ತೊಂದರೆಯನ್ನು ತಿಳಿಸಿರುವುದಿಲ್ಲ. ಭಯದಿಂದ ಅಸ್ವಸ್ಥರಾಗಿರುವುದು ಕಂಡುಬಂದಿರುತ್ತದೆ.” ಕಂಡುಬಂದದ್ದು ಯಾರಿಗೆ? ನೀವು ಅಲ್ಲಿರಲಿಲ್ಲ. ನಾನಿದ್ದೆ. ಒಂದು ಹಸಿರು ಪರದೆಯ ಆಚೆ ಅವಳು, ಈಚೆ ಸ್ಟೂಲಿನ ಮೇಲೆ ನಾನು. ನೀವು ‘ತಿಳಿಸಿರುವುದಿಲ್ಲ’ ಎಂದು ಬರೆದದ್ದನ್ನು ನನ್ನ ಎರಡು ಕಿವಿಯಲ್ಲೂ ಕೇಳಿಸಿಕೊಂಡವಳು ನಾನು.

ಅನ್ನಪೂರ್ಣ ಯಾರೆಂದು ನಿಮಗೆ ಗೊತ್ತಿಲ್ಲ, ಕರೆಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಯಡಿಯೂರು ಕೆರೆಯ ಹತ್ತಿರ ಬಾಡಿಗೆ ಮನೆ. ಸೀರೆಗೆ ಫಾಲ್ ಹೊಲಿದು, ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಹಕ್ಕಿಯಂಥ ಮೈ, ಊರಗಲ ಮಾತು. ಅವಳ ಮನೆಗೆ ಒಂದು ಸೀರೆ ಕೊಟ್ಟು ಬರಲು ಹೋದವರು ಕಾಫಿ ಕುಡಿದು, ಮೂರು ಮನೆಯ ಸುದ್ದಿ ಕೇಳಿ, ಮಗಳಿಗೆ ಗಂಡು ನೋಡಿಸಿಕೊಂಡು ಬರುತ್ತಾರೆ. ಎಡ ಹೆಗಲಿನ ಕೆಳಗೆ ಒಂದು ಕೊಬ್ಬಿನ ಗಂಟು ವರ್ಷಗಳಿಂದ ಇತ್ತು. ಗೋಡೆಗೆ ಒರಗಿ ಕೂತು ಕುಚ್ಚು ಕಟ್ಟುವಾಗ ಒತ್ತುತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ರಾಶಿ ಬೀಳುವ ಮೊದಲು ತೆಗೆಸಿಕೊಂಡುಬಿಡುತ್ತೇನೆ ಅಂದಳು. ಬನಶಂಕರಿ ಕಡೆಯ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಡಾಕ್ಟರು ಮುಟ್ಟಿ ನೋಡಿ, “ಸಣ್ಣ ಆಪರೇಷನ್ ಅಮ್ಮ. ಲೋಕಲ್ ಕೊಟ್ಟು ತೆಗೀತೀವಿ. ಮಾತಾಡ್ತಾ ಮಾತಾಡ್ತಾ ಮುಗಿದುಹೋಗುತ್ತೆ,” ಅಂದರು.

“ಲೋಕಲ್ ಅಂದ್ರೆ ಏನಕ್ಕಾ?” ಹೊರಗೆ ಬಂದು ಕೇಳಿದಳು.

“ಗಂಟಿರೋ ಜಾಗ ಮಾತ್ರ ಮರಗಟ್ಟೋ ಹಾಗೆ ಕೊಡ್ತಾರಂತೆ ಕಣೇ. ನಿದ್ದೆ ಬರ್ಸಲ್ಲ.”

“ಹಂಗಾದ್ರೆ ಸರಿ. ಲೋಕಲ್ ಅಂದ್ರೆ ನಮ್ಮ ಯಡಿಯೂರಿನದೇ ಅನ್ಕೋತೀನಿ ಬಿಡು,” ಎಂದು ನಕ್ಕಳು.

ಭಯಸ್ಥೆಯ ಮಾತೇ ಇದು? ನೀವೇ ಹೇಳಿ.

ಆ ದಿನದ ಸಂಗತಿ ಕೇಳಿ. ಅವಳನ್ನು ಬೋರಲು ಮಲಗಿಸಿದರು. ಮೂಲೆಯಲ್ಲಿ ಹೃದಯದ ಬಡಿತ ತೋರಿಸುವ ಮೆಷಿನ್ ಇತ್ತು. ಹಿಂದೆ ನಮ್ಮ ಮನೆಗಳಲ್ಲಿ ಟಿ.ವಿ.ಗೆ ಹೊದಿಸುತ್ತಿದ್ದೆವಲ್ಲ, ಹಾಗೆ ಅದಕ್ಕೊಂದು ಬಟ್ಟೆ ಹೊದಿಸಿ, ಮೇಲೆ ಯಾರದೋ ಟಿಫನ್ ಬಾಕ್ಸ್ ಇಟ್ಟಿದ್ದರು. ಸಣ್ಣ ಆಪರೇಷನ್ ತಾನೆ, ಅದೆಲ್ಲ ಯಾಕೆ? ತೂಕ ನೋಡಲಿಲ್ಲ. ಅವಳ ಬ್ಲೌಸಿನ ಅಳತೆ ನನಗೆ ಗೊತ್ತಿತ್ತು, ತೂಕ ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಗಂಟಿನ ಸುತ್ತ ಇಂಜೆಕ್ಷನ್ ಕೊಟ್ಟು, ಸೂಜಿಯಲ್ಲಿ ಚುಚ್ಚಿ ನೋಡಿದರು.

“ಸಾರ್, ಚುಚ್ಚಿದ್ದು ಗೊತ್ತಾಗ್ತಿದೆ,” ಅಂದಳು.

“ಇನ್ನೂನಾ? ಗಂಟು ದೊಡ್ಡದಿದೆ ನೋಡಿ. ಸಿಸ್ಟರ್, ಇನ್ನೊಂದು ತುಂಬಿ. ಕಲ್ಲಾಗ್ಬಿಡುತ್ತೆ ಈಗ.”

ಅದನ್ನೂ ಚುಚ್ಚುತ್ತಿರುವಾಗ ಡಾಕ್ಟರ ಫೋನ್. ಕೈ ಬಿಡುವಿಲ್ಲದ್ದರಿಂದ ಸಿಸ್ಟರ್ ಸ್ಪೀಕರಿಗೆ ಹಾಕಿದರು. ಕೆಳಗಿನ ವಾಚ್‌ಮನ್. “ಸಾರ್, ನಿಮ್ಮ ಕಾರು ಪಕ್ಕದ ಮನೆ ಗೇಟಿಗೆ ಅಡ್ಡ ಐತೆ, ಅವ್ರು ಕೂಗಾಡ್ತಾವ್ರೆ.” ಡಾಕ್ಟರು, “ಬಂದೆ ಅಂತ ಹೇಳಪ್ಪ, ಸಣ್ಣ ಕೆಲಸ ಇದು, ಆಗೋಯ್ತು,” ಅಂದರು. ಆ ‘ಆಗೋಯ್ತು’ ಮುಗಿಯುವುದರೊಳಗೆ ನನ್ನ ತಂಗಿಯ ದನಿ ಕೇಳಿಸಿತು.

“ಸಾರ್, ಒಂಥರಾ ಆಗ್ತಿದೆ.”

“ಏನೂ ಆಗಲ್ಲಮ್ಮ.”

“ಇಲ್ಲ ಸಾರ್, ಬಾಯೆಲ್ಲ ಒಂಥರಾ...”

“ಆಂಟಿ, ಟೆನ್ಷನ್ ಮಾಡ್ಕೋಬೇಡಿ,” ಸಿಸ್ಟರ್ ಅಂದರು, ಪಾಪ, ಮೆತ್ತಗೇ ಅಂದರು. “ದೇವ್ರನ್ನ ನೆನೆಸ್ಕೊಳಿ. ಯಾವ್ದು ನಿಮ್ಮ ಮನೆದೇವ್ರು?”

ತಂಗಿ ಹೇಳಲು ಹೋದಳು. ಸಿದ್ಧಲಿಂಗೇಶ್ವರ. ಮಾತು ಕಲಿತಾಗಿನಿಂದ ಅವಳ ನಾಲಿಗೆಯ ಮೇಲಿರುವ ಹೆಸರು. ಅದು ಕುಡಿದವರ ಮಾತಿನಂತೆ ಜೋಲು ಬಿದ್ದು, ಅರ್ಧಕ್ಕೆ ನಿಂತಿತು. ನಾನು ಎದ್ದು ಪರದೆ ಸರಿಸಿದೆ. “ಸಾರ್, ಅವಳು ಹಿಂಗೆ ಮಾತಾಡೋಳಲ್ಲ, ಒಂದ್ನಿಮಿಷ ನೋಡಿ ಸಾರ್.” ಡಾಕ್ಟರು ತಲೆ ಎತ್ತದೆ, “ಅಮ್ಮ, ನೀವು ಹೊರಗಿರಿ. ನೀವೇ ಹೆದರಿಸ್ತಿದ್ದೀರ ಅವ್ರನ್ನ,” ಅಂದರು. ಆ ಮಾತು ಮುಗಿದ ಮೇಲೆ ಅವಳ ಕೈಕಾಲು ಸೆಟೆದು ಅದುರತೊಡಗಿತು. ಮೇಜು ಗೋಡೆಗೆ ಬಡಿಯುವ ಸದ್ದು. ಸಿಸ್ಟರ್ ಚೀರಿದರು. ಆಮೇಲೆ ಅದುರುವುದೂ ನಿಂತಿತು, ಅದು ಇನ್ನೂ ಕೆಟ್ಟದ್ದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಇವತ್ತು ಈ ಪತ್ರವನ್ನು ತಿಥಿಯ ಕಾರ್ಡಿನ ಹಿಂದೆ ಬರೆಯದೆ ಬಿಳಿ ಹಾಳೆಯ ಮೇಲೆ ಬರೆಯುತ್ತಿದ್ದರೆ, ಅದು ಡಾಕ್ಟರ್ ಇಂದ್ರಾಣಿ ಎಂಬ ತಾಯಿಯ ದಯೆ. ಅವರು ಅರಿವಳಿಕೆಯನ್ನೇ ಓದಿದ ಡಾಕ್ಟರು. ಬೇರೆ ಆಸ್ಪತ್ರೆಯವರು, ಮೇಲಿನ ಮಹಡಿಯಲ್ಲಿ ಒಂದು ಹೆರಿಗೆಯ ಆಪರೇಷನ್ನಿಗೆ ಕರೆಸಿದ್ದರು. ಕೆಲಸ ಮುಗಿಸಿ ಮೆಟ್ಟಿಲಿಳಿದು ಹೋಗುತ್ತಿದ್ದವರು ಚೀರಾಟ ಕೇಳಿ ಒಳಗೆ ನುಗ್ಗಿದರು. ಕೇಳಿದ್ದು ಎರಡೇ ಮಾತು: “ಎಷ್ಟು ಹಾಕಿದ್ದೀರಿ? ಇವರ ತೂಕ ಎಷ್ಟು?” ಉತ್ತರಕ್ಕೆ ಕಾಯಲಿಲ್ಲ. ಎದೆ ಒತ್ತಲು ಒಬ್ಬರಿಗೆ ಹೇಳಿ, ಉಸಿರು ಕೊಡಲು ತಾವು ನಿಂತು, ಕೆಳಗಿನ ಮೆಡಿಕಲ್ಸ್‌ನಿಂದ ಒಂದು ಔಷಧಿ ತರಲು ಓಡಿಸಿದರು. ಹಾಲಿನಂಥ ಬಿಳಿ ದ್ರವ. ಬಾಯಲ್ಲಿ ಊಟ ಸೇರದ ರೋಗಿಗಳಿಗೆ ನರದಲ್ಲಿ ಹಾಕುವ ಕೊಬ್ಬಂತೆ ಅದು. ರಕ್ತಕ್ಕೆ ಸೇರಿಹೋದ ಇಂಜೆಕ್ಷನ್ನನ್ನು ಅದು ಹೃದಯದಿಂದ ಎಳೆದು ಬಿಡಿಸುತ್ತದಂತೆ. ಅದೇ ಕಟ್ಟಡದ ನೆಲಮಹಡಿಯಲ್ಲಿ ಇತ್ತು ಸ್ವಾಮಿ ಅದು! ಮೇಲೆ ಇಂಜೆಕ್ಷನ್ ಕೊಡುವವರಿಗೆ ಕೆಳಗೆ ಅದರ ಮದ್ದು ಇದೆ ಎಂದು ಗೊತ್ತಿರಲಿಲ್ಲ. ಮಾರುವವರಿಗೆ ಅದು ಊಟ ಎಂದಷ್ಟೇ ಗೊತ್ತಿತ್ತು. ಕೊಬ್ಬಿನ ಗಂಟು ತೆಗೆಯಲು ಹೋಗಿ ನಿಂತ ಹೃದಯವನ್ನು ಕೊಬ್ಬೇ ಮತ್ತೆ ನಡೆಸಿತು. ನಗಬೇಕೋ ಅಳಬೇಕೋ, ನಾನಂತೂ ಆ ಸ್ಟೂಲಿನ ಮೇಲೆ ಎರಡನ್ನೂ ಮಾಡಿದೆ.

ಜಯನಗರದ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಅವಳಿಗೆ ಸರಿಯಾಗಿ ಎಚ್ಚರವಾದ ಮೇಲೆ ಕೇಳಿದೆ, ಏನಾಯ್ತೇ ನಿಂಗೆ ಅಂತ.

“ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ಹುಣಸೇಹಣ್ಣು ನೆನೆಹಾಕಿ ಕುಡ್ದಂಗೆ ಆಯ್ತಕ್ಕಾ ಬಾಯಿ. ಕಿಲುಬು ಕಿಲುಬು. ಕಿವಿಯೊಳಗೆ ಮಿಕ್ಸಿ ತಿರುಗ್ದಂಗೆ. ತುಟಿ ನಂದೋ ಪಕ್ಕದ್ಮನೆಯವ್ರದೋ ಗೊತ್ತಾಗ್ಲಿಲ್ಲ.”

“ಅಷ್ಟೆಲ್ಲ ಆಗ್ತಿದ್ರೆ ಹೇಳ್ಬಾರ್ದಾ?”

“ಹೇಳಿದ್ನಲ್ಲಕ್ಕಾ, ಒಂಥರಾ ಆಗ್ತಿದೆ ಅಂತ.”

ಡಾಕ್ಟರ್ ಇಂದ್ರಾಣಿ ಅವಳನ್ನು ನೋಡಲು ಬಂದಿದ್ದರು. ಇದನ್ನು ಕೇಳಿ ಕಣ್ಣು ಮುಚ್ಚಿಕೊಂಡರು. ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಮೊರೆತ, ತುಟಿ ಜುಮ್ಮೆನ್ನುವುದು, ನಾಲಿಗೆ ತೊದಲುವುದು, ಇವೆಲ್ಲ ಆ ಇಂಜೆಕ್ಷನ್ ರಕ್ತಕ್ಕೆ ಹೆಚ್ಚಾಗಿ ಸೇರಿದಾಗ ಮಿದುಳು ಕೊಡುವ ಎಚ್ಚರಿಕೆಯಂತೆ. ಆಮೇಲೆ ಫಿಟ್ಸ್. ಆಮೇಲೆ ಹೃದಯ. “ಎಲ್ಲರಿಗೂ ಇಷ್ಟು ಕ್ರಮವಾಗಿ ಬರಲ್ಲ ಅಮ್ಮ. ಕೆಲವರಿಗೆ ಒಂದು ಸೂಚನೆಯನ್ನೂ ಕೊಡದೆ ನೇರವಾಗಿ ಹೃದಯಕ್ಕೇ ಬರುತ್ತೆ. ನಿಮ್ಮ ತಂಗಿ ಅದೃಷ್ಟವಂತರು, ಅವರ ಮೈ ಹೇಳ್ತು,” ಅಂದರು. ಮೈ ಹೇಳಿತು, ಬಾಯಿ ಹೇಳಿತು, ಪರದೆಯಾಚೆಯಿಂದ ಅಕ್ಕನೂ ಹೇಳಿದಳು. ನಿಮ್ಮ ಉತ್ತರದಲ್ಲಿ ಮಾತ್ರ ‘ತಿಳಿಸಿರುವುದಿಲ್ಲ’.

ಈಗ ನಿಮ್ಮ ‘ನಿರ್ದಿಷ್ಟ’ದ ವಿಷಯಕ್ಕೆ ಬರೋಣ. ಬೋರಲು ಮಲಗಿ, ಮುಖ ದಿಂಬಿನಲ್ಲಿ ಹುದುಗಿ, ಬೆನ್ನು ಬಿಚ್ಚಿಕೊಂಡ ಹೆಂಗಸು ಏನೆನ್ನಬೇಕಿತ್ತು? “ಮಾನ್ಯ ವೈದ್ಯರೇ, ನನ್ನ ಹೃದಯದ ವಿದ್ಯುತ್ ಸಂಚಾರದಲ್ಲಿ ವ್ಯತ್ಯಯ ಉಂಟಾಗುವ ಸಂಭವವಿದ್ದು, ದಯಮಾಡಿ ಸೂಜಿಯನ್ನು ಹಿಂಪಡೆಯತಕ್ಕದ್ದು” ಎನ್ನಬೇಕಿತ್ತೇ? ನಮ್ಮ ಈ ಕಡೆ ‘ಒಂಥರಾ’ ಅನ್ನುವ ಮಾತಿಲ್ಲದೆ ಒಂದು ದಿನವೂ ಕಳೆಯುವುದಿಲ್ಲ. ಪುಳಿಯೋಗರೆ ಒಂಥರಾ ಇದ್ದರೆ ಉಪ್ಪು ಕಡಿಮೆ. ಗಂಡಿನ ಕಡೆಯವರು ಒಂಥರಾ ಇದ್ದರೆ ಸಂಬಂಧ ಬೇಡ. ಸಿನಿಮಾ ಒಂಥರಾ ಚೆನ್ನಾಗಿದ್ದರೆ ನೋಡಬಹುದು. ಆ ಮಾತು ಕೇಳಿದ ಯಾರೂ ಅಲ್ಲಿಗೇ ಬಿಡುವುದಿಲ್ಲ, “ಒಂಥರಾ ಅಂದ್ರೆ?” ಎಂದು ಕೇಳುತ್ತೇವೆ. ನಮ್ಮ ಬೀದಿಯ ತರಕಾರಿ ಮುನಿಲಕ್ಷ್ಮಮ್ಮನಿಗೆ “ಬದನೆಕಾಯಿ ಒಂಥರಾ ಇದೆಯಲ್ಲ” ಅಂದರೆ, ಅವಳು ಗಾಡಿ ನಿಲ್ಲಿಸಿ, ಎರಡು ಕಾಯಿ ಸೀಳಿ ತೋರಿಸಿ, ನನ್ನನ್ನೂ ನಾಲ್ಕು ಮಾತು ಬೈದು ಮುಂದೆ ಹೋಗುತ್ತಾಳೆ. ಬದನೆಕಾಯಿಗೆ ಸಿಗುವ ವಿಚಾರಣೆ ನನ್ನ ತಂಗಿಯ ಬಾಯಿಗೆ ಸಿಗಲಿಲ್ಲ. ಅಲ್ಲಿಯೂ ಸಿಗಲಿಲ್ಲ, ನಿಮ್ಮಲ್ಲಿಯೂ ಸಿಗಲಿಲ್ಲ. ಒಂಥರಾ ಆಗುತ್ತಿದೆ ಎಂದರೆ ಹೆಸರು ಹೇಳಲಾಗದ ಏನೋ ಒಂದು ನಡೆಯುತ್ತಿದೆ ಎಂದು ಅರ್ಥ. ಅದಕ್ಕೆ ಹೆಸರು ಹುಡುಕಲೆಂದೇ ತಾನೆ ಡಾಕ್ಟರು ಅಷ್ಟು ವರ್ಷ ಓದುವುದು?

ಆ ಡಾಕ್ಟರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವಳು ಐಸಿಯುನಲ್ಲಿದ್ದಾಗ ಬಂದು ಬಾಗಿಲ ಹೊರಗೆ ನಿಂತಿದ್ದರು, ಮುಖ ಸುಣ್ಣವಾಗಿತ್ತು. ಆ ಇಂಜೆಕ್ಷನ್ನೂ ಕೆಟ್ಟದ್ದಲ್ಲ. ಅದೇ ಜಾತಿಯ ಔಷಧಿಯಿಂದ ನನ್ನ ಕಣ್ಣಿನ ಪೊರೆ ತೆಗೆದಿದ್ದಾರೆ, ದಿನವೂ ಸಾವಿರಾರು ಜನರಿಗೆ ಕೊಡುತ್ತಾರೆ, ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಎಷ್ಟು ಎಚ್ಚರವಾಗಿದ್ದರೂ ಅಪರೂಪಕ್ಕೊಮ್ಮೆ ಹೀಗಾಗಬಹುದೆಂದು ಡಾಕ್ಟರ್ ಇಂದ್ರಾಣಿಯವರೇ ಹೇಳಿದರು. ನನ್ನ ತಕರಾರು ‘ಸಣ್ಣ’ ಅನ್ನುವ ಪದದ ಮೇಲೆ. ಕೊಯ್ಯುವ ಜಾಗ ಸಣ್ಣದು, ಸರಿ. ಔಷಧಿ ಹೋಗುವ ರಕ್ತ, ಅದು ತಲುಪುವ ಹೃದಯ, ಅವು ಸಣ್ಣವೇ? ಲೋಕಲ್ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಹಾಕಿದ ಜಾಗದಲ್ಲೇ ಕೈಕಟ್ಟಿ ಕೂರುತ್ತದೆಯೇ? ನರವನ್ನು ಮರಗಟ್ಟಿಸುವುದು ಅದರ ಕಸುಬು. ಬೆನ್ನಿಗೆ ಹೋದರೆ ಬೆನ್ನು ಮರಗಟ್ಟಿಸುತ್ತದೆ, ದಾರಿ ಸಿಕ್ಕಿ ಹೃದಯಕ್ಕೆ ಹೋದರೆ ಅಲ್ಲಿಯೂ ಅದಕ್ಕೆ ಗೊತ್ತಿರುವ ಕೆಲಸವನ್ನೇ ಮಾಡುತ್ತದೆ.

ನಿಮ್ಮ ವಿಚಾರಣೆ ಹೇಗೆ ನಡೆಯಿತೆಂದು ಈಗ ನಾನು ಕೇಳಬಹುದೇ? ನರ್ಸಿಂಗ್ ಹೋಮಿನವರು ಕೊಟ್ಟ ಡಿಸ್ಚಾರ್ಜ್ ಕಾಗದದಲ್ಲಿ ‘ಭಯ’ ಎಂದಿತ್ತು, ನಿಮ್ಮ ಉತ್ತರದಲ್ಲಿಯೂ ‘ಭಯ’ ಎಂದಿದೆ. ನಡುವೆ ಏನು ನಡೆಯಿತು, ಆ ಪದವನ್ನು ಅಲ್ಲಿಂದ ಇಲ್ಲಿಗೆ ಹೊತ್ತು ತರುವುದರ ಹೊರತು? ಅನ್ನಪೂರ್ಣಳನ್ನು ಕರೆಯಲಿಲ್ಲ. ನನ್ನನ್ನು ಕರೆಯಲಿಲ್ಲ. ತಾವು ಮಾಡಿದ್ದೆಲ್ಲವನ್ನೂ ಅಲ್ಲಿಯ ಕೇಸ್ ಶೀಟಿನಲ್ಲಿ ಬರೆದು ಹೋದ ಡಾಕ್ಟರ್ ಇಂದ್ರಾಣಿಯವರನ್ನು ಕರೆಯಲಿಲ್ಲ. “ನಾನು ಬಂದು ಹೇಳೋಕೆ ತಯಾರಿದ್ದೀನಿ ಅಮ್ಮ, ಕರೀಬೇಕಲ್ಲ ಅವ್ರು,” ಎಂದು ಅವರು ಇಂದಿಗೂ ಫೋನಿನಲ್ಲಿ ಹೇಳುತ್ತಾರೆ. ಆ ಕೇಸ್ ಶೀಟಿನ ನಕಲು ಕೊಡಿ ಎಂದು ನರ್ಸಿಂಗ್ ಹೋಮಿಗೆ ಹೋದರೆ, “ದೂರು ವಿಚಾರಣೆಯಲ್ಲಿದೆ, ಈಗ ಕೊಡೋ ಹಾಗಿಲ್ಲ,” ಅಂದರು. ದೂರು ಮುಗಿದ ಮೇಲೆ ಹೋದರೆ, “ಮುಗಿದೋಯ್ತಲ್ಲ, ಇನ್ಯಾಕೆ?” ಅಂದರು. ಆ ಎರಡು ಉತ್ತರಗಳ ನಡುವೆ ನಾನು ಕೇಳಬಹುದಾಗಿದ್ದ ಒಂದು ಶುಭ ಮುಹೂರ್ತ ಇದ್ದಿರಬೇಕು, ನನಗೆ ಸಿಗಲಿಲ್ಲ.

ಬದುಕಿದಳಲ್ಲ, ಮತ್ತೇಕೆ ಈ ಮುದುಕಿಯ ರಗಳೆ ಎನ್ನುತ್ತೀರೇನೋ. ಕೇಳಿ. ಅನ್ನಪೂರ್ಣಳ ಬಲಗಡೆಯ ದವಡೆ ಹಲ್ಲು ಕೀವಾಗಿ, ಕೆನ್ನೆ ಊದಿದೆ. ಮಾತ್ರೆ ನುಂಗಿದಷ್ಟು ದಿನ ಇಳಿಯುತ್ತದೆ, ಮತ್ತೆ ಏರುತ್ತದೆ. ಕೀಳಲೇಬೇಕು. ಹಲ್ಲು ಕೀಳಬೇಕಾದರೆ ಏನು ಕೊಡುತ್ತಾರೆ? ಅದೇ ಮರಗಟ್ಟಿಸುವ ಇಂಜೆಕ್ಷನ್. ಜೆ.ಪಿ. ನಗರದ ಒಬ್ಬ ಹಲ್ಲಿನ ಡಾಕ್ಟರು ನಿಮ್ಮ ಉತ್ತರ ಓದಿ, “ಭಯ ಅಂತ ಇದೆಯಷ್ಟೆ ಆಂಟಿ, ನಾನು ಮಾತಾಡಿಸ್ತಾ ಮಾತಾಡಿಸ್ತಾ ಕಿತ್ತುಬಿಡ್ತೀನಿ,” ಎಂದು ಕುರ್ಚಿ ಒರಗಿಸಿಯೇಬಿಟ್ಟರು. ನಾನು ಅವಳನ್ನು ಕೈಹಿಡಿದು ಎಬ್ಬಿಸಿಕೊಂಡು ಬಂದೆ. ಜಯನಗರದ ಇನ್ನೊಬ್ಬರು ನಡೆದದ್ದನ್ನೆಲ್ಲ ಕೇಳಿ ಗಂಭೀರವಾದರು. ಯಾವ ಔಷಧಿ, ಎಷ್ಟು ಕೊಟ್ಟರು, ಏನಾಯಿತು ಎಂಬುದು ಕಾಗದದ ಮೇಲೆ ಬೇಕು, ಐಸಿಯುನವರ ಕಾಗದದಲ್ಲಿ ಅವಳು ಅಲ್ಲಿಗೆ ಬಂದ ಮೇಲಿನದು ಮಾತ್ರ ಇದೆ. ಅದು ಸಿಕ್ಕರೆ ದೊಡ್ಡ ಆಸ್ಪತ್ರೆಯಲ್ಲಿ, ತೂಕ ನೋಡಿ, ಮೆಷಿನ್ ಹಾಕಿ, ಬಿಳಿ ಔಷಧಿ ಪಕ್ಕದಲ್ಲಿಟ್ಟುಕೊಂಡು ಧೈರ್ಯವಾಗಿ ಮಾಡಬಹುದು ಅಂದರು. ಡಾಕ್ಟರ್ ಇಂದ್ರಾಣಿಯವರ ನಂಬರು ಕೊಟ್ಟೆ. “ಅವರು ಹೇಳಿದ್ದನ್ನ ನಾನು ನಂಬ್ತೀನಿ ಅಮ್ಮ. ಆದ್ರೆ ಸರ್ಕಾರದ ಕಾಗದವೇ ಭಯ ಅಂತಿದ್ರೆ, ನಮ್ಮ ಆಸ್ಪತ್ರೆಯವರು ಫೋನಿನ ಮಾತಿಗೆ ಒಪ್ಪಲ್ಲ,” ಅಂದರು. ಒಬ್ಬರು ನಿಮ್ಮ ಪದ ನಂಬಿ ಚುಚ್ಚಲು ಬರುತ್ತಾರೆ, ಇನ್ನೊಬ್ಬರು ನಿಮ್ಮ ಪದ ನಂಬದೆ ಚುಚ್ಚಲು ಹೆದರುತ್ತಾರೆ. ನಡುವೆ ನನ್ನ ತಂಗಿ ಲವಂಗ ಕಚ್ಚಿಕೊಂಡು ಕುಚ್ಚು ಕಟ್ಟುತ್ತಿದ್ದಾಳೆ.

ಇದಕ್ಕಿಂತ ನನ್ನ ನಿದ್ದೆ ಕೆಡಿಸಿರುವ ಸಂಗತಿ ಇನ್ನೊಂದು. ನಿಮ್ಮ ಉತ್ತರವನ್ನು ಅವಳೂ ಓದಿದಳು. ಮಡಿಸಿ ಕೊಟ್ಟು, “ಇರಬಹುದೇನೋ ಅಕ್ಕ. ನಾನೇ ಹೆದರಿದ್ನೇನೋ,” ಅಂದಳು. ಅಂದಿನಿಂದ ಅವಳು ಯಾವ ನೋವನ್ನೂ ಹೇಳುವುದಿಲ್ಲ. ಕೆನ್ನೆ ಊದಿದ್ದು ಸೀರೆ ಕೊಡಲು ಬಂದವರು ನೋಡಿ ನನಗೆ ಫೋನ್ ಮಾಡಿದ ಮೇಲೆ ಗೊತ್ತಾಗಿದ್ದು. ಹೇಗಿದ್ದೀಯೆ ಅಂದರೆ, “ಚೆನ್ನಾಗಿದ್ದೀನಿ.” ಊಟ ಮಾಡಿದೆಯಾ ಅಂದರೆ, “ಚೆನ್ನಾಗಿದ್ದೀನಿ.” ಊರ ಸುದ್ದಿಯೆಲ್ಲ ಹೇಳುತ್ತಿದ್ದವಳು ತನ್ನ ಮೈಯ ಸುದ್ದಿ ಹೇಳಲು ನಾಚುತ್ತಾಳೆ. ನಾಳೆ ಹಲ್ಲಿನ ಕುರ್ಚಿಯಲ್ಲಿ ಕೂತಾಗ, ಬಾಯಲ್ಲಿ ಮತ್ತೆ ಆ ಕಿಲುಬು ಬಂದರೆ, ಇವಳು ಹೇಳುತ್ತಾಳೆಯೇ? ನನಗೆ ನಂಬಿಕೆಯಿಲ್ಲ. ಹಲ್ಲು ಕಚ್ಚಿ, ಚೆನ್ನಾಗಿದ್ದೀನಿ ಸಾರ್ ಅನ್ನುತ್ತಾಳೆ. ಇಂಜೆಕ್ಷನ್ ಅವಳ ಬೆನ್ನು ಮರಗಟ್ಟಿಸಿತು, ಅದು ಇಳಿಯಿತು. ನಿಮ್ಮ ಮುದ್ರೆ ನಾಲಿಗೆ ಮರಗಟ್ಟಿಸಿದೆ. ಇದಕ್ಕೆ ಯಾವ ಮೆಡಿಕಲ್ಸ್‌ನಲ್ಲಿ ಬಿಳಿ ಔಷಧಿ ಸಿಗುತ್ತದೆ?

ನಾನು ಕೇಳುವುದು ಯಾರನ್ನೂ ಜೈಲಿಗೆ ಹಾಕಿ ಎಂದಲ್ಲ, ಪರಿಹಾರವೂ ಬೇಡ. ಮುಚ್ಚಿದ ದೂರನ್ನು ತೆರೆಯಿರಿ. ಡಾಕ್ಟರ್ ಇಂದ್ರಾಣಿಯವರನ್ನು ಕರೆದು ಕೇಳಿ, ಆ ಕೇಸ್ ಶೀಟನ್ನು ತರಿಸಿ ಓದಿ, ‘ಭಯ’ ಎಂಬ ಪದವನ್ನು ಹೊಡೆದುಹಾಕಿ ಔಷಧಿಯ ಹೆಸರನ್ನೂ ಹೃದಯ ನಿಂತದ್ದನ್ನೂ ಬರೆದು, ಒಂದು ಪ್ರತಿ ನನ್ನ ತಂಗಿಗೆ ಕಳಿಸಿ. ಅವಳ ಹಲ್ಲು ಅದಕ್ಕಾಗಿ ಕಾಯುತ್ತಿದೆ, ಪ್ರಾಣವೂ ಅದರ ಮೇಲೆಯೇ ನಿಂತಿದೆ. ಆಮೇಲೆ, ನಿಮ್ಮ ಅಧಿಕಾರದಲ್ಲಿರುವ ಎಲ್ಲ ನರ್ಸಿಂಗ್ ಹೋಮುಗಳಿಗೂ ಬರೆಯಿರಿ: ಸಣ್ಣ ಆಪರೇಷನ್ನಾದರೂ ತೂಕ ನೋಡಲಿ, ಆ ಮೆಷಿನ್ನಿನ ಬಟ್ಟೆ ತೆಗೆಯಲಿ, ಬಿಳಿ ಔಷಧಿ ಕೈಗೆಟುಕುವಲ್ಲಿರಲಿ. ಇಂಜೆಕ್ಷನ್ ಕೊಡುವವರು ಬಾಯಿ ರುಚಿ ಕೆಟ್ಟಿದೆಯಾ, ಕಿವಿ ಗುಂಯ್ ಅಂತಿದೆಯಾ ಎಂದು ಕನ್ನಡದಲ್ಲಿ ತಾವಾಗಿಯೇ ಕೇಳುತ್ತಿರಲಿ. ರೋಗಿ ‘ಒಂಥರಾ’ ಅಂದ ತಕ್ಷಣ ಕೈ ನಿಲ್ಲಲಿ. ಆ ಮಾತನ್ನು ಆಂಗ್ಲ ಭಾಷೆಯ ನಿಯಮಾವಳಿಯಲ್ಲಿ ಹೇಗೆ ಬರೆಯುತ್ತೀರೋ ನನಗೆ ಗೊತ್ತಿಲ್ಲ, ಹಾಗೇ ಬರೆದರೂ ಆಯಿತು.

ನಿನ್ನೆ ಮಧ್ಯಾಹ್ನ ಈ ಪತ್ರವನ್ನು ಅನ್ನಪೂರ್ಣಳ ಮನೆಯಲ್ಲೇ ಕೂತು ಬರೆಯುತ್ತಿದ್ದೆ. ಕೆಳಗೆ ನೀನೂ ಒಂದು ಸಹಿ ಹಾಕೇ ಅಂದೆ. ಅವಳು ಒಂದು ರೇಷ್ಮೆ ಸೆರಗಿನ ದಾರ ಬಿಡಿಸುತ್ತಾ, ತಲೆ ಎತ್ತದೆ, “ಬೇಡಕ್ಕಾ. ಒಂಥರಾ ಆಗುತ್ತೆ ನಂಗೆ,” ಅಂದಳು.

ನನ್ನ ಕೈಯಿಂದ ಪೆನ್ನು ಬಿತ್ತು. ವಯಸ್ಸು ಗಿಯಸ್ಸು ನೋಡದೆ ಎದ್ದು ಅವಳ ಮುಖ ಹಿಡಿದುಕೊಂಡೆ. “ಎಲ್ಲಿ? ಎಲ್ಲಿ ಒಂಥರಾ? ಬಾಯಲ್ಲಾ, ಎದೇಲಾ? ಹೇಳೇ!”

“ಅಯ್ಯೋ ಬಿಡಕ್ಕಾ ಕೆನ್ನೆ ನೋಯ್ತದೆ! ಸರ್ಕಾರಕ್ಕೆಲ್ಲ ಸಹಿ ಹಾಕೋಕೆ ನಾಚ್ಕೆ ಆಗುತ್ತೆ ಅಂದೆ ಅಷ್ಟೆ,” ಎಂದು ಊದಿದ ಕೆನ್ನೆಯಲ್ಲೇ ನಕ್ಕಳು. ನಿಮ್ಮ ಉತ್ತರ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಸೆರಗನ್ನು ಪಕ್ಕಕ್ಕಿಟ್ಟು, “ಹಲ್ಲು ತುಂಬಾ ನೋಯ್ತಿದೆ ಅಕ್ಕ,” ಅಂದಳು.

ನೋಡಿದಿರಾ ಮಾನ್ಯರೇ, ಪೆನ್ನು ಕೆಳಗೆ ಬಿದ್ದರೆ ಸಾಕಾಯಿತು. ಆ ಡಾಕ್ಟರ ಕೈಯಲ್ಲಿ ಸೂಜಿ ಇತ್ತು, ನಿಮ್ಮ ಕೈಯಲ್ಲಿ ಮುದ್ರೆ ಇತ್ತು. ಇಬ್ಬರೂ ಅದನ್ನು ಒಂದು ಗಳಿಗೆ ಕೆಳಗಿಟ್ಟು, “ಒಂಥರಾ ಅಂದ್ರೆ ಏನಮ್ಮ?” ಎಂದು ಕೇಳಿದ್ದರೆ ಈ ಕಾಗದ ನೆಂಟರ ಮನೆಗೇ ಹೋಗುತ್ತಿತ್ತು.

ನಿಮ್ಮ ಮನೆಯವರಿಗೆಲ್ಲ ನನ್ನ ನೆನಪು ಹೇಳಿ. ಅವರಲ್ಲಿ ಯಾರಿಗಾದರೂ ಸಣ್ಣ ಆಪರೇಷನ್ ಇದ್ದರೆ ಜೊತೆಗೆ ಹೋಗಿ, ಪರದೆಯ ಹತ್ತಿರವೇ ಕೂರಿ. ಈ ಕಾಗದದ ಒಂದು ಪ್ರತಿ ಪತ್ರಿಕೆಗೂ ಕೊಟ್ಟಿದ್ದೇನೆ, ತಪ್ಪು ತಿಳಿಯಬೇಡಿ. ನೀವು ಓದುವುದಕ್ಕೆ ನಾಲ್ಕು ಜನ ಸಾಕ್ಷಿ ಇರಲಿ ಎಂದಷ್ಟೆ. ಉತ್ತರ ಬೇಗ ಬರೆಯಿರಿ. ಮಾತ್ರೆಯ ಈ ಪಟ್ಟಿ ಮುಗಿಯುವುದರೊಳಗೆ ಬರೆಯಿರಿ. ಈ ಸಲ ಸಹಿಯ ಕೆಳಗೆ ನಿಮ್ಮ ಹೆಸರನ್ನೂ ಬಿಡಿಸಿ ಬರೆದರೆ, ಮುಂದಿನ ಕಾಗದದಲ್ಲಿ ನಿಮ್ಮ ಕ್ಷೇಮವನ್ನು ಹೆಸರು ಹಿಡಿದೇ ಕೇಳುತ್ತೇನೆ.

ಇಂತಿ,
ತಂಗಿಯ ಹೆಸರಿನ ಮುಂದೆ ‘ಕ್ಷೇಮ’ ಎಂದು ಬರೆಯಲು ಜಾಗ ಬಿಟ್ಟುಕೊಂಡು ಕೂತಿರುವ,
ಒಂಥರಾ ಆಗಿರುವ,
ಕಮಲಾದೇವಿ
ಚಿಕ್ಕಲಸಂದ್ರ